ಕೆನರಿ ಹಕ್ಕಿಯ ಬಾಣಂತನ

ಆ ಹಕ್ಕಿ ನಮ್ಮದಾಗಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡಬೇಕು. ನಮ್ಮದೇ ಆಗಿದ್ದಿದ್ದರೆ ನಾಲ್ಕು ದಿನ ಬೇಜಾರು ಮಾಡಿಕೊಂಡು ಸುಮ್ಮನಾಗುತ್ತಿದ್ದೆವೇನೋ. ನಂಬಿ ಕೊಟ್ಟುಹೋದವರ ಹಕ್ಕಿ ಅದು. ಈ ವಯಸ್ಸಿನಲ್ಲೂ ಯಾರಾದರೂ ಪಂಜರ ಹಿಡಿದುಕೊಂಡು ಹೋಗುವುದನ್ನು ಕಂಡರೆ ನಾನು ಮುಖ ಆ ಕಡೆ ತಿರುಗಿಸಿಕೊಳ್ಳುತ್ತೇನೆ.

ಐವತ್ತರ ದಶಕದ ನಡುವಿನ ಮಾತು. ರಾಜಾಜಿನಗರದ ಬ್ಲಾಕುಗಳು ನಕ್ಷೆಯಲ್ಲಿ ಇದ್ದಷ್ಟು ನೆಲದ ಮೇಲೆ ಇರಲಿಲ್ಲ. ನಮ್ಮ ಮನೆಯ ಸಾಲು ಮುಗಿದ ಕೂಡಲೇ ರಾಗಿ ಹೊಲ, ಅದರಾಚೆ ಬರೀ ಬಯಲು. ರಸ್ತೆ ಬದಿ ನೆಟ್ಟ ಸಸಿಗಳು ಮೊಳಕಾಲೆತ್ತರಕ್ಕೂ ಬಂದಿರಲಿಲ್ಲ. ಗಾಳಿ ಎದ್ದರೆ ಕೇಳುವವರಿಲ್ಲ, ನೇರ ನಮ್ಮ ನಡುಮನೆಗೇ ನುಗ್ಗುತ್ತಿತ್ತು. ಅಪ್ಪ ಕಾರ್ಖಾನೆಯೊಂದರಲ್ಲಿ ಲೇತ್ ಮೇಲೆ ಕೆಲಸ ಮಾಡುತ್ತಿದ್ದರು. ಸೈಕಲ್ಲಿನಲ್ಲಿ ಹೋಗಿಬರಬಹುದು ಎಂಬ ಒಂದೇ ಕಾರಣಕ್ಕೆ ಪೇಟೆಯ ವಠಾರ ಬಿಟ್ಟು ಇಲ್ಲಿಗೆ ಬಂದಿದ್ದರು. ಅಮ್ಮನಿಗೆ ಈ ಬಯಲಿನ ಗಾಳಿಯನ್ನು ಕಂಡರೆ ಆಗುತ್ತಿರಲಿಲ್ಲ. ಅದರಲ್ಲೂ ಆ ವರ್ಷ ಮನೆಯಲ್ಲಿ ನಾನಿದ್ದೆ, ಚೊಚ್ಚಲ ಬಾಣಂತಿ.

ಅಮ್ಮನ ಬಾಣಂತನ ಅಂದರೆ ಸುಮ್ಮನೆ ಅಲ್ಲ. ಕಿಟಕಿಗೆ ಕಂಬಳಿ, ಕಿವಿಗೆ ಹತ್ತಿ, ತಲೆಗೆ ಬಟ್ಟೆ. ಮೆಣಸಿನ ಸಾರು ಬಿಟ್ಟರೆ ಬೇರೆ ಸಾರು ಇಲ್ಲ. ಹಂಡೆ ನೀರು ಹೊಯ್ದ ಮೇಲೆ ಮಂಚದ ಕೆಳಗೆ ಕೆಂಡದ ಬಾಣಲೆ ಇಟ್ಟು ಸಾಂಬ್ರಾಣಿ, ಓಮ ಉದುರಿಸಿ ನನ್ನನ್ನೂ ಮಗುವನ್ನೂ ಹೊಗೆಯಲ್ಲಿ ಮುಳುಗಿಸುತ್ತಿದ್ದಳು. ಅಮ್ಮನ ಲೆಕ್ಕದಲ್ಲಿ ಲೋಕದ ಕಾಯಿಲೆಗಳೆಲ್ಲ ಗಾಳಿಯಿಂದ ಬರುತ್ತವೆ, ಹೊಗೆಯಿಂದ ಹೋಗುತ್ತವೆ. ಮಗುವಿಗೆ ಮೂರು ತಿಂಗಳು ತುಂಬುತ್ತಾ ಬಂದರೂ ನನಗೆ ಬಿಡುಗಡೆ ಸಿಕ್ಕಿರಲಿಲ್ಲ. ನಾನು ಬೇಸರಕ್ಕೆ ಬಿದ್ದು, ಕಂಡವರನ್ನೆಲ್ಲ ಆಡಿಕೊಂಡು ನಗುವುದನ್ನೇ ಹೊತ್ತು ಕಳೆಯುವ ದಾರಿ ಮಾಡಿಕೊಂಡಿದ್ದೆ. ನನ್ನ ನಾಲಿಗೆ ಆಗಲೇ ಸ್ವಲ್ಪ ಉದ್ದ.

ಶ್ರಾವಣದ ಒಂದು ಸಂಜೆ ಅಪ್ಪ ಸೈಕಲ್ಲನ್ನು ತಳ್ಳಿಕೊಂಡು ಬಂದರು. ಹ್ಯಾಂಡಲಿಗೆ ಬಟ್ಟೆ ಮುಚ್ಚಿದ ಒಂದು ಪಂಜರ ತೂಗುತ್ತಿತ್ತು. ಅಪ್ಪನ ಪಕ್ಕದ ಲೇತಿನಲ್ಲಿ ಕೆಲಸ ಮಾಡುತ್ತಿದ್ದ ಆಂಗ್ಲೋ ಇಂಡಿಯನ್ ಹಿರಿಯರೊಬ್ಬರು ಹಿಂದಿನ ವರ್ಷ ತೀರಿಕೊಂಡಿದ್ದರು. ಅಪ್ಪನಿಗೆ ಕೆಲಸ ಕಲಿಸಿದವರೇ ಅವರು. ಅವರ ಹೆಂಡತಿ ಮಾಗಡಿ ರಸ್ತೆಯ ಹತ್ತಿರ ಒಂದು ಕೋಣೆ ಬಾಡಿಗೆಗೆ ಹಿಡಿದು ಒಬ್ಬರೇ ಇದ್ದರು. ಕೊಯಮತ್ತೂರಿನ ಹತ್ತಿರ ಪೋದನೂರಿನಲ್ಲಿದ್ದ ಮಗಳಿಗೆ ಹೆರಿಗೆ ಸಮಯ. ಹೋಗಲೇಬೇಕು, ಆದರೆ ಹಕ್ಕಿಯನ್ನು ರೈಲಿನಲ್ಲಿ ಒಯ್ಯುವ ಹಾಗಿಲ್ಲ. ಗಂಡ ಸಾಕಿದ ಹಕ್ಕಿ. ಆತ ಶೇವ್ ಮಾಡಿಕೊಳ್ಳುತ್ತಾ ಸಿಳ್ಳೆ ಹಾಕುತ್ತಿದ್ದ ಒಂದು ರಾಗವನ್ನು ಅದು ಕಲಿತುಬಿಟ್ಟಿತ್ತಂತೆ. ಆ ಸಿಳ್ಳೆ ಈಗ ಆ ಕೋಣೆಯಲ್ಲಿ ಹಕ್ಕಿಯ ಬಾಯಲ್ಲಿ ಮಾತ್ರ ಉಳಿದಿತ್ತು. ಜೋಪಾನವಾಗಿ ನೋಡಿಕೊಳ್ಳಿ, ಬಂದ ತಕ್ಷಣ ತಗೊಂಡು ಹೋಗ್ತೀನಿ ಎಂದು ಅಪ್ಪನ ಕೈ ಹಿಡಿದು ಕೊಟ್ಟಿದ್ದರು.

ಬಟ್ಟೆ ತೆಗೆದಾಗ ನಾವು ಕಂಡದ್ದು ಗುಬ್ಬಚ್ಚಿಯಷ್ಟೇ ಗಾತ್ರದ, ಅರಿಸಿನದ ನೀರಿನಲ್ಲಿ ಅದ್ದಿ ತೆಗೆದಂಥ ಒಂದು ಕೆನರಿ ಹಕ್ಕಿ. ಅಕ್ಕಪಕ್ಕದವರು ಬಂದು ನೋಡಿ, ಮಾತಾಡುತ್ತದಾ ಎಂದು ಕೇಳಿ, ಇಲ್ಲ ಎಂದಾಗ ಹಾಗಾದರೆ ಯಾಕೆ ಎಂದು ಹೊರಟುಹೋದರು. ಅದು ಹಾಡಲು ಶುರು ಮಾಡಿದ್ದು ಮಾರನೆಯ ಬೆಳಿಗ್ಗೆ. ಕಂಬಳಿ ಕಟ್ಟಿದ ಕೋಣೆಯಲ್ಲಿ ಮಲಗಿದ್ದ ನನಗೆ ಆ ದನಿ ಕೇಳಿ ಯಾಕೋ ಅಳು ಬಂತು. ಅಮ್ಮ ಒಲೆ ಮುಂದಿನಿಂದ ಎದ್ದು ಬಂದು ಸೌಟು ಹಿಡಿದುಕೊಂಡೇ ನಿಂತು ಕೇಳಿದಳು. ಅಂದಿನಿಂದ ನವಣೆ ಹಾಕುವುದು, ನೀರು ಬದಲಿಸುವುದು, ಸೌತೆಕಾಯಿ ಹೋಳು ಸಿಕ್ಕಿಸುವುದು ಎಲ್ಲ ಅಮ್ಮನ ಕೆಲಸವಾಯಿತು. ಕೆಲಸ ಮಾಡುತ್ತಾ ಅದರ ಜೊತೆ ಊರ ಮಾತೆಲ್ಲ ಆಡುತ್ತಿದ್ದಳು. ನಮ್ಮ ಜೊತೆ ಅಷ್ಟು ಮಾತಾಡಿದ್ದಿಲ್ಲ.

ಕೆಲವು ದಿನಗಳಾದ ಮೇಲೆ ಹಕ್ಕಿ ಹಾಡುವುದನ್ನು ನಿಲ್ಲಿಸಿತು. ಪಂಜರದ ತಳದಲ್ಲಿ ಹಳದಿ ಗರಿಗಳು. ಮೊದಲು ಒಂದೆರಡು, ಆಮೇಲೆ ಬೆಳಿಗ್ಗೆ ಬಟ್ಟೆ ತೆಗೆದರೆ ಹಿಡಿಯಷ್ಟು. ಕತ್ತಿನ ಹತ್ತಿರ ಚರ್ಮ ಕಾಣತೊಡಗಿತು. ಅಮ್ಮನ ಜೀವ ಬಾಯಿಗೆ ಬಂತು. ಬಂದವರೆಲ್ಲ ನೋಡಿ ದೃಷ್ಟಿ ಆಗಿದೆ ಎಂದು ಉಪ್ಪು ಮೆಣಸಿನಕಾಯಿ ನಿವಾಳಿಸಿದಳು. ಅದರಿಂದ ಗುಣ ಕಾಣದೆ, ಇದು ಗಾಳಿ ಸೋಕಿದ್ದೇ ಸೈ ಎಂದು ತೀರ್ಮಾನಿಸಿದಳು. ಗಾಳಿ ಸೋಕಿದವರಿಗೆ ಏನು ಮಾಡಬೇಕು ಎಂಬುದು ಅಮ್ಮನಿಗೆ ಗೊತ್ತಿದ್ದ ವಿಷಯ. ಪಂಜರವನ್ನು ನನ್ನ ಮಂಚದ ಪಕ್ಕಕ್ಕೆ ತಂದು, ಹಳೇ ಸೀರೆ ಸುತ್ತಿ, ನನಗೂ ಮಗುವಿಗೂ ಹಿಡಿದ ಕೆಂಡದ ಬಾಣಲೆಯನ್ನೇ ಅದಕ್ಕೂ ಹಿಡಿದಳು. ಬತ್ತಿಯ ತುದಿಯನ್ನು ಮೆಣಸಿನ ಕಷಾಯದಲ್ಲಿ ಅದ್ದಿ ಅದರ ಕೊಕ್ಕಿಗೆ ತಾಗಿಸಿದಳು. ಹಕ್ಕಿ ಸೀನಿತು. ಹಕ್ಕಿ ಸೀನುವುದನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ, ಹೊಟ್ಟೆ ಹಿಡಿದುಕೊಂಡು ನಕ್ಕೆ.

ಅಪ್ಪ ಕೆಲಸದಿಂದ ಬಂದು ಈ ದೃಶ್ಯ ನೋಡಿದರು. ನೋಡಿ, ಗೋಡೆಗೆ ಒರಗಿ ಕೂತು ನಕ್ಕಿದ್ದೇ ನಕ್ಕಿದ್ದು. ಆಮೇಲೆ ಬಾಯಿ ಬಿಟ್ಟರು. ಗರಿ ಉದುರುವುದು ಕಾಯಿಲೆಯಲ್ಲ, ವರ್ಷಕ್ಕೊಮ್ಮೆ ಈ ಹಕ್ಕಿಗಳು ಹಳೇ ಗರಿ ಬಿಟ್ಟು ಹೊಸದು ತೊಡುತ್ತವೆ, ಆಗ ಹಾಡುವುದಿಲ್ಲ, ಗಾಬರಿ ಬೇಡ ಎಂದು ಹಕ್ಕಿ ಕೊಟ್ಟ ಆಕೆ ಹೊರಡುವಾಗಲೇ ಹೇಳಿದ್ದರಂತೆ. ಇನ್ನೂ ಏನೇನೋ ಹೇಳುವುದರಲ್ಲಿದ್ದರು, ರೈಲಿಗೆ ಹೊತ್ತಾಗಿದ್ದರಿಂದ ಗಾಡಿ ಹತ್ತಿ ಹೋಗಿಬಿಟ್ಟರಂತೆ. ಕೇಳಿಸಿಕೊಂಡ ಅಷ್ಟನ್ನಾದರೂ ಅಪ್ಪ ಮನೆಯಲ್ಲಿ ಹೇಳಬೇಕಿತ್ತು, ಮರೆತಿದ್ದರು. ಮರೆತವರು ಅವರು, ನಗೆಪಾಟಲಾದವಳು ಅಮ್ಮ.

ಅಮ್ಮ ಸುಲಭಕ್ಕೆ ಒಪ್ಪಲಿಲ್ಲ. ಅಪ್ಪ ನನ್ನ ಕಡೆ ಬೆರಳು ತೋರಿಸಿದರು. ಬಾಣಂತಿಯಾದ ಮೇಲೆ ನನಗೂ ಬಾಚಣಿಗೆ ತುಂಬಾ ಕೂದಲು ಉದುರುತ್ತಿತ್ತು. ಮಗು ಮುಖ ನೋಡಿ ನಗಲು ಶುರು ಮಾಡಿದರೆ ತಾಯಿಗೆ ಕೂದಲು ಉದುರುತ್ತದೆ, ಅದು ಇದ್ದದ್ದೇ ಎಂದು ಅಮ್ಮನೇ ಸಮಾಧಾನ ಹೇಳಿದ್ದಳು.

"ಇವಳಿಗೆ ಉದುರಿದ್ರೆ ಇದ್ದದ್ದೇ, ಆ ಬಡಪಾಯಿಗೆ ಉದುರಿದ್ರೆ ಕಷಾಯಾನಾ?" ಎಂದರು ಅಪ್ಪ.

ಅಪ್ಪ ಎದ್ದು, ಸುತ್ತಿದ್ದ ಹಳೇ ಸೀರೆ ಬಿಚ್ಚಿ ಎಸೆದು, ಪಂಜರವನ್ನು ಒಯ್ದು ಹೊಲದ ಕಡೆಯ ಕಿಟಕಿಗೆ ತೂಗುಹಾಕಿದರು. ಇನ್ನು ಅದು ಅಲ್ಲೇ ಇರಲಿ, ಹಕ್ಕಿಗೆ ಬೇಕಾದದ್ದು ಗಾಳಿ ಬೆಳಕು ಎಂದು ಅಪ್ಪಣೆಯಾಯಿತು.

ಇಲ್ಲಿ ನನ್ನ ಪಾಲು ಬರುತ್ತದೆ. ಬಾಣಂತಿಯನ್ನು ನೋಡಲು ಬಂದ ಹೆಂಗಸರಿಗೆಲ್ಲ ನಾನು ಈ ಕಥೆ ಹೇಳಿದೆ. ಅಮ್ಮ ಕಣ್ಣು ಕಿರಿದು ಮಾಡಿ ಹಕ್ಕಿಯ ಕೊಕ್ಕಿಗೆ ಬತ್ತಿ ಹಿಡಿಯುವುದು, ಹಕ್ಕಿ ಸೀನುವುದು, ಅಮ್ಮ ಅದಕ್ಕೆ "ನೂರು ವರ್ಷ" ಅನ್ನುವುದು, ಎಲ್ಲ ಅಭಿನಯಿಸಿ ತೋರಿಸಿದೆ. ನೂರು ವರ್ಷ ಅಂದದ್ದು ಮಾತ್ರ ನಾನೇ ಸೇರಿಸಿದ್ದು. ಕಥೆ ಬೀದಿಯ ನಲ್ಲಿಯವರೆಗೂ ಹೋಯಿತು. ಅಮ್ಮ ಬಿಂದಿಗೆ ಹಿಡಿದು ಹೋದರೆ, ಹಕ್ಕಿಗೆ ಎಣ್ಣೆ ನೀರು ಆಯಿತಾ, ತೊಟ್ಟಿಲು ಯಾವಾಗ ಎಂದು ಕೇಳುತ್ತಿದ್ದರು. ಅಮ್ಮ ಮೊದಮೊದಲು ಅವರ ಜೊತೆ ತಾನೂ ನಕ್ಕಳು. ಆಮೇಲೆ ನೀರಿಗೆ ಹೋಗುವ ಹೊತ್ತನ್ನೇ ಬದಲಾಯಿಸಿಕೊಂಡಳು. ಅದನ್ನು ನೋಡಿಯೂ ನಾನು ಬಾಯಿ ಮುಚ್ಚಲಿಲ್ಲ. ಒಳ್ಳೆಯ ಕಥೆ ಸಿಕ್ಕಿತ್ತು ನನಗೆ.

ಅಪ್ಪ ಹೇಳಿದ್ದು ಸುಳ್ಳಾಗಿರಲಿಲ್ಲ, ಅದೇ ಕಷ್ಟವಾದದ್ದು. ಗರಿ ಉದುರುತ್ತಿದ್ದರೂ ಹಕ್ಕಿ ಚೆನ್ನಾಗಿಯೇ ಇತ್ತು. ನೋಡಲು ಅರ್ಧ ಪುಕ್ಕ ಕಿತ್ತ ಕೋಳಿಮರಿಯಂತೆ ವಿಕಾರವಾಗಿತ್ತು, ನಿಜ. ಆದರೆ ಕಡ್ಡಿಯಿಂದ ಕಡ್ಡಿಗೆ ಹಾರುತ್ತಿತ್ತು, ಹೊಟ್ಟೆ ತುಂಬಾ ತಿನ್ನುತ್ತಿತ್ತು, ನೀರಿನ ಬಟ್ಟಲಲ್ಲಿ ಮಿಂದು ಕಿಟಕಿಯ ಗೋಡೆಯನ್ನೆಲ್ಲ ನೆನೆಸುತ್ತಿತ್ತು. ಎದೆಯ ಮೇಲೆ ಹೊಸ ಗರಿಗಳ ಮೊಳಕೆ, ಚಿಕ್ಕ ಚಿಕ್ಕ ಮುಳ್ಳುಗಳ ಹಾಗೆ, ಏಳುತ್ತಿದ್ದವು. ಅಪ್ಪ ದಿನಾ ಅಮ್ಮನನ್ನು ಕರೆದು ಅದನ್ನು ತೋರಿಸುತ್ತಿದ್ದರು. ಒಮ್ಮೆ ಗೆದ್ದವರು ಅಷ್ಟಕ್ಕೇ ಸುಮ್ಮನಿರಬೇಕಿತ್ತು. ಅಪ್ಪ ಕೆಟ್ಟವರಲ್ಲ, ಅಮ್ಮನನ್ನು ಗೋಳು ಹೊಯ್ದುಕೊಳ್ಳುವುದು ಅವರ ಪ್ರೀತಿಯ ರೀತಿಯಾಗಿತ್ತು, ಅಮ್ಮನಿಗೂ ಅದು ಗೊತ್ತಿತ್ತು. ಆದರೂ ದಿನಾ ಆದರೆ ಯಾರಿಗಾದರೂ ಸಾಕಾಗುತ್ತದೆ.

ಭಾದ್ರಪದ ಬಂತು. ಗೌರಿ ಹಬ್ಬದ ಹಿಂದುಮುಂದು ಜಡಿಮಳೆ ಹಿಡಿಯಿತು. ಹೊಲದ ಕಡೆಯಿಂದ ಬೀಸುವ ಗಾಳಿಗೆ ಪಂಜರ ಗಂಟೆಯ ಹಾಗೆ ತೂಗಾಡುತ್ತಿತ್ತು. ಮೈಮೇಲೆ ಅರ್ಧ ಬಟ್ಟೆಯೂ ಇಲ್ಲದ ಜೀವ, ಅಲ್ಲೇ ತೂಗುತ್ತಿತ್ತು. ಪಂಜರವನ್ನು ಒಳಗೆ ತರೋಣ ಎಂದು ಅಮ್ಮ ಒಮ್ಮೆ ಹೇಳಿದಳು. ಮತ್ತೆ ಬಾಣಂತನವಾ ಎಂದರು ಅಪ್ಪ. ಅಮ್ಮ ಸಂಜೆ ಹೊತ್ತು ಪಂಜರದ ಗಾಳಿಯ ಬದಿಗೆ ಒಂದು ಟವೆಲ್ ಸಿಕ್ಕಿಸಿಬಿಡುತ್ತಿದ್ದಳು. ಬೆಳಿಗ್ಗೆ ಅಪ್ಪ ಅದನ್ನು ತೆಗೆದು ಹಲ್ಲುಜ್ಜಿ ಮುಖ ಒರೆಸಿಕೊಳ್ಳುತ್ತಿದ್ದರು.

ಒಂದು ಮಧ್ಯಾಹ್ನ ಅಮ್ಮ ನನ್ನ ಕೋಣೆಗೆ ಬಂದು ಬಾಗಿಲ ಬಳಿ ನಿಂತಳು. ಕೈಯಲ್ಲಿ ನವಣೆಯ ಬಟ್ಟಲು. ನಿನ್ನೆ ಹಾಕಿದ್ದು ಹಾಗೇ ಇದೆ, ಒಂದು ಕಾಳಿನ ಹೊಟ್ಟೂ ಬಿಡಿಸಿಲ್ಲ ಎಂದಳು. ಕಡ್ಡಿಯ ಮೇಲೆ ಕೂರದೆ ತಳದಲ್ಲಿ ಮೈ ಉಬ್ಬಿಸಿಕೊಂಡು ಕೂತಿದೆ, ಹಗಲಲ್ಲೇ ಕಣ್ಣು ಮುಚ್ಚುತ್ತದೆ, ಹತ್ತಿರ ಹೋದರೆ ಗಂಟಲಲ್ಲಿ ಕಟ್ ಕಟ್ ಎಂದು ಸದ್ದು ಬರುತ್ತದೆ ಎಂದಳು. ಆಮೇಲೆ ದನಿ ತಗ್ಗಿಸಿ ಹೇಳಿದಳು:

"ಉಸಿರು ಬಿಟ್ಟಾಗೆಲ್ಲ ಬಾಲ ಹೊಡ್ಕೋತಾ ಇದೆ ಕಣೇ. ಇದು ಗರಿ ಉದುರೋದಲ್ಲ. ಇದು ಬೇರೆ. ನಿಮ್ಮಪ್ಪಂಗೆ ನೀನು ಹೇಳು, ನಾನು ಹೇಳಿದ್ರೆ ನಗ್ತಾರೆ."

ನಾನು ಮಗುವಿಗೆ ಹಾಲು ಕುಡಿಸುತ್ತಿದ್ದೆ. ತಲೆ ಕೂಡ ಎತ್ತಲಿಲ್ಲ.

"ಅಮ್ಮಾ, ಮತ್ತೆ ಶುರು ಮಾಡ್ಬೇಡ. ಬೀದಿಯವರೆಲ್ಲ ನಕ್ಕಿದ್ದು ಸಾಕಾಗ್ಲಿಲ್ವಾ?"

ಅಮ್ಮ ಬಟ್ಟಲು ಹಿಡಿದುಕೊಂಡೇ ಹೊರಟುಹೋದಳು. ಎದ್ದು ನಾಲ್ಕು ಹೆಜ್ಜೆ ಹಾಕಿ ಕಿಟಕಿಯ ಬಳಿ ಹೋಗಿದ್ದರೆ ನನಗೂ ಕಾಣುತ್ತಿತ್ತು. ಬಾಣಂತಿ ಗಾಳಿಗೆ ಬರಬಾರದು ಎಂಬ ಅಮ್ಮನ ನಿಯಮವನ್ನು ನಾನು ಅದೊಂದು ದಿನ ಚಾಚೂ ತಪ್ಪದೆ ಪಾಲಿಸಿದೆ.

ಅಪ್ಪನಿಗೆ ಸಂಜೆ ಅಮ್ಮನೇ ಹೇಳಿದಳು. ಅಪ್ಪ ದೂರದಿಂದಲೇ ಪಂಜರದ ಕಡೆ ನೋಡಿ, ಹೊಸ ಗರಿ ಬರುವಾಗ ಸುಸ್ತು ಇರುತ್ತದೆ, ಎಲ್ಲ ಸರಿಯಾಗಿದೆ ಎಂದರು. ಅಮ್ಮ ಎಂದಿನಂತೆ ಟವೆಲ್ ಸಿಕ್ಕಿಸಿ ಒಳಗೆ ಹೋದಳು. ಮೊದಲಿನ ಅಮ್ಮನಾಗಿದ್ದರೆ ಜಗಳ ತೆಗೆದು, ಪಂಜರವನ್ನು ಎತ್ತಿಕೊಂಡು ಬಂದು, ಒಲೆಯ ಮಗ್ಗುಲಲ್ಲಿ ಇಟ್ಟುಕೊಂಡು ಕೂರುತ್ತಿದ್ದಳು. ಒಮ್ಮೆ ತಪ್ಪಿದ್ದಳಲ್ಲ, ತನ್ನ ಕಣ್ಣನ್ನೇ ನಂಬುವ ಧೈರ್ಯವನ್ನು ನಾವಿಬ್ಬರೂ ಸೇರಿ ಅವಳಿಂದ ಕಿತ್ತುಕೊಂಡಿದ್ದೆವು. ನನ್ನನ್ನು ಈಗಲೂ ಕಾಡುವುದು ಹಕ್ಕಿಗಿಂತ ಹೆಚ್ಚು ಇದು.

ಎರಡು ಬೆಳಗಾದ ಮೇಲೆ ಟವೆಲ್ ತೆಗೆಯಲು ಹೋದ ಅಪ್ಪ ಅಲ್ಲೇ ನಿಂತುಬಿಟ್ಟರು. ಹಕ್ಕಿ ತಳದಲ್ಲಿ ಪಕ್ಕಕ್ಕೆ ಬಿದ್ದಿತ್ತು. ಎದೆಯ ಮೇಲಿನ ಹೊಸ ಗರಿಗಳು ಆಗಷ್ಟೇ ಬಿಚ್ಚಿಕೊಂಡಿದ್ದವು, ಅರ್ಧ ಮೈ ಹೊಚ್ಚ ಹೊಸ ಹಳದಿ. ಅಪ್ಪ ಅದನ್ನು ಕೈಯಲ್ಲಿ ಹಿಡಿದುಕೊಂಡು ಬಹಳ ಹೊತ್ತು ಕೂತಿದ್ದರು. ಅಂದು ಕೆಲಸಕ್ಕೆ ಹೋಗಲಿಲ್ಲ. ನಾನು ಹೇಳಿದ್ದೆ ಎಂದು ಅಮ್ಮ ಒಮ್ಮೆ ಕಿರುಚಿದ್ದರೆ ನಮಗೆ ಎಷ್ಟೋ ಸಮಾಧಾನವಾಗುತ್ತಿತ್ತು. ಅವಳು ಪಂಜರವನ್ನು ತೊಳೆದು ಬಿಸಿಲಿಗಿಟ್ಟು, ಒಲೆ ಹಚ್ಚಿ, ನನಗೆ ಮೆಣಸಿನ ಸಾರು ಮಾಡಿದಳು.

ಹಕ್ಕಿ ಕೊಟ್ಟ ಆಕೆ ಬರುವವರೆಗಿನ ದಿನಗಳು ಕೆಟ್ಟದಾಗಿದ್ದವು. ರಸ್ತೆಯಲ್ಲಿ ಜಟಕಾ ಸದ್ದಾದರೆ ಅಪ್ಪ ಹಿತ್ತಲಿಗೆ ಹೋಗುತ್ತಿದ್ದರು. ಬೇರೆ ಹಕ್ಕಿ ತಂದಿಟ್ಟರೆ ಹೇಗೆ ಎಂದು ಒಮ್ಮೆ ಯೋಚಿಸಿದರು. ಆ ಸಿಳ್ಳೆಯನ್ನು ಎಲ್ಲಿಂದ ತರುವುದು ಎಂದು ತಾವೇ ಕೈಬಿಟ್ಟರು. ಇದ್ದದ್ದನ್ನು ಇದ್ದ ಹಾಗೆ ಹೇಳುತ್ತೇನೆ, ನಾನೇ ಕಿಟಕಿಗೆ ಕಟ್ಟಿದ್ದು ಅಂತಲೂ ಹೇಳುತ್ತೇನೆ ಎಂದು ನನ್ನ ಮುಂದೆ ಎಷ್ಟೋ ಸಲ ಅಂದರು. ಹೇಳುವವರೇ ಇದ್ದರು ಎಂದು ನಾನು ಇವತ್ತಿಗೂ ನಂಬಿದ್ದೇನೆ.

ಆಕೆ ಬಂದದ್ದು ದಸರೆಯ ಮುಂಚಿನ ಒಂದು ಭಾನುವಾರ. ಸವೆದ ಹೂವಿನ ಫ್ರಾಕು, ತಲೆಗೆ ಸ್ಕಾರ್ಫು, ಕೈಯಲ್ಲಿ ಒಂದು ಪೊಟ್ಟಣ. ಮೊಮ್ಮಗನಿಗೆ ಹೆಣೆದ ಉಣ್ಣೆಯಲ್ಲಿ ಉಳಿದದ್ದರಿಂದ ನನ್ನ ಮಗುವಿಗೂ ಒಂದು ಟೋಪಿ, ಜೊತೆ ಕಾಲುಚೀಲ ಹೆಣೆದುಕೊಂಡು ಬಂದಿದ್ದರು. ಅದನ್ನು ನನ್ನ ಮಡಿಲಿಗಿಟ್ಟು, ಮಗುವಿನ ಗಲ್ಲ ಮುಟ್ಟಿ, ಆಮೇಲೆ ಕತ್ತೆತ್ತಿ ಮನೆಯನ್ನೆಲ್ಲ ಹುಡುಕುವ ಹಾಗೆ ನೋಡಿದರು. ಮೂಲೆಯಲ್ಲಿದ್ದ ಖಾಲಿ ಪಂಜರ ಕಂಡಿತು. ಅವರ ಮುಖದಲ್ಲಿದ್ದ ನಗು ಇಳಿಯಲು ಸ್ವಲ್ಪ ಹೊತ್ತು ಹಿಡಿಯಿತು.

ಅಪ್ಪ ಮುಂದೆ ಬಂದರು. ಅಷ್ಟರಲ್ಲಿ ಅಮ್ಮ ಅಡುಗೆಮನೆಯಿಂದ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಂದು ಅಪ್ಪನಿಗೂ ಅವರಿಗೂ ನಡುವೆ ನಿಂತಳು.

"ನನ್ನಿಂದ ಆಯ್ತಮ್ಮ. ಗರಿ ಉದುರ್ತು ಅಂತ ಕಾಯಿಲೆ ಅಂದ್ಕೊಂಡು ಸಾಂಬ್ರಾಣಿ ಹೊಗೆ ಹಾಕ್ಬಿಟ್ಟೆ. ಇವರು ಬೇಡ ಅಂದ್ರು, ನಾನು ಕೇಳ್ಲಿಲ್ಲ."

ಅಪ್ಪ ಅಮ್ಮನ ಕಡೆ ತಿರುಗಿದರು. ಈಗ ಹೇಳುತ್ತಾರೆ ಎಂದುಕೊಂಡೆ. ಹೊಗೆ ಹಾಕಿ ಎರಡು ಮೂರು ವಾರಗಳಾದ ಮೇಲೂ ಹಕ್ಕಿ ಕುಣಿದಾಡುತ್ತಿತ್ತು, ಕಿಟಕಿಯ ಗಾಳಿ, ಅಮ್ಮ ಕಂಡು ಹೇಳಿದ್ದು, ನಾವು ನಕ್ಕದ್ದು, ಎಲ್ಲ ಹೇಳುತ್ತಾರೆ ಎಂದುಕೊಂಡೆ. ಅಪ್ಪ ಹೇಳಲಿಲ್ಲ. ಅವರು ಹೇಳಲಿ ಎಂದು ಕಾಯುತ್ತಾ ನಾನೂ ಹೇಳಲಿಲ್ಲ.

ಆಕೆ ಮಂಚದ ಅಂಚಿನಲ್ಲಿ ಕೂತರು. ಕರವಸ್ತ್ರದಲ್ಲಿ ಕಣ್ಣು ಒತ್ತಿಕೊಂಡರು. ಆಮೇಲೆ ಅಮ್ಮನನ್ನು ಪಕ್ಕಕ್ಕೆ ಕರೆದು ಕೂರಿಸಿಕೊಂಡರು. ಬೈಯಲಿಲ್ಲ. ನಿಮಗೆ ಗೊತ್ತಿರಲಿಲ್ಲ, ನಾನು ನಿಮಗೆ ಹೇಳಿ ಹೋಗಬೇಕಿತ್ತು, ನನ್ನದೇ ತಪ್ಪು ಎಂದು ಅಮ್ಮನ ಬೆನ್ನು ಸವರಿದರು. ಅಮ್ಮನ ಮೇಲೆ ಅವರಿಗೆ ಕನಿಕರ ಬಂದಿತ್ತು. ಚಿಕ್ಕ ಮಕ್ಕಳಿಗೆ ಹೇಳುವ ಹಾಗೆ ತಮ್ಮ ಕನ್ನಡದಲ್ಲಿ ನಿಧಾನವಾಗಿ ಬಿಡಿಸಿ ಹೇಳತೊಡಗಿದರು. ತಿನ್ನುತ್ತಾ ಹಾರುತ್ತಾ ಇದ್ದರೆ ಗರಿ ಎಷ್ಟು ಉದುರಿದರೂ ಹೆದರಬಾರದು. ತಳದಲ್ಲಿ ಮೈ ಉಬ್ಬಿಸಿ ಕೂತರೆ, ಹಗಲಲ್ಲಿ ಕಣ್ಣು ಮುಚ್ಚಿದರೆ, ಗಂಟಲಲ್ಲಿ ಸದ್ದು ಬಂದರೆ ಅದು ಕಾಯಿಲೆ.

"ಆಮೇಲೆ ಬಾಲ, ಅಮ್ಮ. ಬಾಲ ನೋಡಬೇಕು. ಉಸಿರು ಜೊತೆ ಬಾಲ ಮೇಲೆ ಕೆಳಗೆ ಹೋದ್ರೆ ಬೇಗ ಬೆಚ್ಚಗೆ ಇಡಬೇಕು. ಉಳಿಯುತ್ತೆ."

ಅಮ್ಮ ಎಲ್ಲಕ್ಕೂ ಹೌದಾ, ಹೌದಾ ಎಂದು ತಲೆಯಾಡಿಸುತ್ತಿದ್ದಳು. ಉಳಿಯುತ್ತೆ ಎಂಬ ಮಾತಿಗೆ ಮಾತ್ರ ಅವಳ ತಲೆ ಅಲ್ಲಾಡಲಿಲ್ಲ. ಅಪ್ಪ ಗೋಡೆ ನೋಡುತ್ತಾ ನಿಂತಿದ್ದರು, ನಾನು ಮಡಿಲಲ್ಲಿದ್ದ ಉಣ್ಣೆಯ ಟೋಪಿ ನೋಡುತ್ತಿದ್ದೆ. ಅಮ್ಮನಿಗೆ ಅರ್ಥವಾಗಿರಲಿಕ್ಕಿಲ್ಲ ಎಂದುಕೊಂಡರೇನೋ, ಆಕೆ ಅವಳ ಕೈಯನ್ನು ತಮ್ಮ ಕೈಯಲ್ಲಿ ತೆಗೆದುಕೊಂಡು, ಬೆರಳೊಂದನ್ನು ಮೇಲೆ ಕೆಳಗೆ ಆಡಿಸುತ್ತಾ, ಬಾಲ ಹೇಗೆ ಹೊಡೆದುಕೊಳ್ಳುತ್ತದೆ ಎಂಬುದನ್ನು ಇನ್ನೊಮ್ಮೆ ತೋರಿಸಿಕೊಟ್ಟರು.